ಸೊಸೆ ಮಾಡಿದ ಚೌಕಾಬಾರ, ಮುಚ್ಚಲೊಲ್ಲದ ಮೆನು

ಬೇರೆಯವರ ಬದುಕಿನಲ್ಲಿ ನಗುವಂಥ ಸಂಗತಿ ಹಬ್ಬಕ್ಕೊಂದು ಹುಣ್ಣಿಮೆಗೊಂದು ನಡೆದರೆ ಹೆಚ್ಚು. ನನ್ನ ಬದುಕಿನಲ್ಲಿ ಮಾತ್ರ ಅವು ಮೇಯಲು ಹೋದ ದನ ಇದ್ದ ಹಾಗೆ, ಕರೆಯಲಿ ಬಿಡಲಿ ಸಾಯಂಕಾಲಕ್ಕೆ ಬಂದು ಬಾಗಿಲಲ್ಲಿ ನಿಂತಿರುತ್ತವೆ.

ನಾನು ಶಾಲೆಗೆ ಹೋದವನಲ್ಲ. ಬಸ್ಸಿನ ಬೋರ್ಡು ಓದಿ ಓದಿ ಅಕ್ಷರ ಕಲಿತವನು. ಹಾಗಾಗಿ ‘ಹುಣಸೂರು’ ಅಂತ ಬರೆದಿದ್ದರೆ ಒಂದು ಮೈಲಿ ದೂರದಿಂದ ಓದಿಬಿಡ್ತೀನಿ, ‘ಹುಣಸೆಹಣ್ಣು’ ಅಂತ ಬರೆದಿದ್ದರೆ ಅರ್ಧದಲ್ಲೇ ಗಾಡಿ ನಿಲ್ತದೆ. ಇದನ್ನೂ ನಾನು ಹೇಳಿದ್ದು, ಬರೆದುಕೊಂಡದ್ದು ನನ್ನ ಸೊಸೆ. “ಇದು ಜಾಸ್ತಿ ಆಯ್ತು ಮಾವ” ಅಂತ ಅಲ್ಲಲ್ಲಿ ಕತ್ತರಿ ಹಾಕಿದ್ದಾಳೆ. ಕತ್ತರಿಗೆ ಸಿಕ್ಕದೆ ಉಳಿದದ್ದೆಲ್ಲ ಸತ್ಯ.

ಸೊಸೆ ಅಂದೆನಲ್ಲ, ಕತೆ ಅವಳದೇ. ಮದುವೆಯಾಗಿ ಮಗು ದೊಡ್ಡದಾದ ಮೇಲೆ ಹುಣಸೂರಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಬೆಳಿಗ್ಗೆ ರೊಟ್ಟಿ ತಟ್ಟಿ, ದನಕ್ಕೆ ಹುಲ್ಲು ಹಾಕಿ, ಒಂಬತ್ತರ ಬಸ್ಸು ಹಿಡಿಯೋಳು. ನಮ್ಮ ಮನೆಯೋಳಿಗೆ ಇದು ಸೇರುತ್ತಿರಲಿಲ್ಲ. “ಆ ಪೆಟ್ಟಿಗೆ ಮುಂದೆ ಕೂತೋರು ಕಣ್ಣು ಕಳ್ಕತಾರೆ, ಕೊನೆಗೆ ಮನೆ ಮರೀತಾರೆ” ಅಂತ ಗೊಣಗೋಳು. ಕ್ಲಾಸು ಮುಗಿಯೋ ಹೊತ್ತಿಗೆ ಅಲ್ಲಿನ ದೊಡ್ಡ ಮೇಡಂ ಸೊಸೆಯನ್ನ ಕರೆದು, “ಮುಂದಿನ ಸಲದಿಂದ ಇಲ್ಲೇ ಪಾಠ ಹೇಳೋಕೆ ಒಬ್ಬರು ಬೇಕು, ನೀನೇ ಆಗಬಹುದು. ಆದರೆ ಒಂದು ಪರೀಕ್ಷೆ” ಅಂದರಂತೆ. ಒಂದು ಸಣ್ಣ ಆಟ ಕಂಪ್ಯೂಟರಿನಲ್ಲಿ ಮಾಡಬೇಕು. ಕಂಪ್ಯೂಟರನ್ನ ಜನ್ಮದಲ್ಲಿ ಮುಟ್ಟದವರೊಬ್ಬರು ಬಂದು ಕೂತು, ಯಾರೂ ಹೇಳಿಕೊಡದೆ ಆಟದ ಮೆನು ತೆಗೆದು, ಬೇಕಾದ್ದು ಆರಿಸಿ, ಮೆನು ಮುಚ್ಚಿ, ಆಟ ಮುಗಿಸಿ ಎದ್ದು ಹೋಗಬೇಕು. ಕೂತವರು ಎಲ್ಲಾದರೂ ಸಿಕ್ಕಿಕೊಂಡರೆ ಕೆಲಸ ಇಲ್ಲ.

ಮೆನು ಅಂದರೆ ನನ್ನಂಥವರಿಗೆ ಹೇಳಬೇಕು. ಆಟದ ನಡುವೆ ಒಂದು ಗುಂಡಿ ಒತ್ತಿದರೆ ಪರದೆ ಮೇಲೆ ಸಣ್ಣ ಪಟ್ಟಿಯೊಂದು ಬಂದು ಕೂತುಕೊಳ್ಳುತ್ತದೆ: ಹೊಸ ಆಟ, ಕಾಯಿಯ ಬಣ್ಣ, ಶಬ್ದ, ಆಟ ಬಿಡು. ಒಂದು ಹಳದಿ ಪಟ್ಟೆ ಇರ್ತದೆ. ಅದನ್ನ ಬಾಣದ ಗುಂಡಿಯಿಂದ ಮೇಲೆ ಕೆಳಗೆ ಸರಿಸಿ, ಬೇಕಾದ ಸಾಲಿನ ಮೇಲೆ ನಿಲ್ಲಿಸಿ, ಇನ್ನೊಂದು ಗುಂಡಿ ಒತ್ತಿದರೆ ಆ ಕೆಲಸ ಆಗ್ತದೆ. ಗುರುತಿಗೆ ಇರಲಿ ಅಂತ ಸೊಸೆ ತನ್ನ ಹಣೆಗಿಡೋ ಸ್ಟಿಕ್ಕರ್ ಬೊಟ್ಟನ್ನೇ ಗುಂಡಿಗಳಿಗೆ ಅಂಟಿಸಿದಳು. ಕೆಂಪು ಬೊಟ್ಟು ಮೆನು ತೆಗೆಯೋಕೂ ಮುಚ್ಚೋಕೂ, ಹಸಿರು ಬೊಟ್ಟು ಆರಿಸೋಕೆ. ಆಟ ನಮ್ಮ ಚೌಕಾಬಾರ. ಕವಡೆ ಎಸೆಯೋ ಸದ್ದು ಸಮೇತ ಹಾಕಿದ್ದಳು.

“ಪರೀಕ್ಷೆಗೆ ಮುಂಚೆ ನಾಕು ಜನರ ಕೈಲಿ ಆಡಿಸಿ ನೋಡ್ಬೇಕಿತ್ತು ಮಾವ, ಯಾರನ್ನ ಕರೀಲಿ?” ಅಂದಳು.

“ಕರೆಯೋದ್ಯಾಕವ್ವ? ನಾಕು ತಾಲ್ಲೂಕಲ್ಲಿ ನನ್ ಎಸ್ರು ಯೋಳಿದ್ರೆ ನಾಯೀನೂ ಬಾಲ ಆಡಿಸ್ತದೆ. ನಾನ್ ಕರ್ಕೊಂಡೋಯ್ತೀನಿ, ನಡಿ” ಅಂದೆ. ಅವಳು ಲ್ಯಾಪ್‌ಟಾಪನ್ನ ಚೀಲಕ್ಕೆ ಹಾಕಿಕೊಂಡಳು. ಪರೀಕ್ಷೆಯಲ್ಲಿ ಹೇಗೋ ಇಲ್ಲೂ ಹಾಗೇ, ಅವಳು ಬಾಯಿ ಬಿಡಬಾರದು ಅಂತ ಕರಾರು ಮಾಡಿಕೊಂಡೆವು.

ಕಂಪಲಾಪುರದ ಕೊನೆಯಿಲ್ಲದ ಪಟ್ಟಿ

ಮೊದಲು ಹೋದದ್ದು ಪಿರಿಯಾಪಟ್ಟಣದ ಕಡೆಗೆ, ಕಂಪಲಾಪುರಕ್ಕೆ. ಅಲ್ಲಿ ನನ್ನ ಗೆಳೆಯ ಒಬ್ಬ ಇದ್ದಾನೆ, ಹೊಗೆಸೊಪ್ಪು ಬೆಳೆಯೋನು. ಹೊಗೆಸೊಪ್ಪಿನ ಹರಾಜಿನಲ್ಲಿ ಬೆಳೆದು ಬಂದ ಜೀವ. ಮೊದಲು ಕೂಗಿದ ರೇಟಿಗೆ ಒಪ್ಪಿದವನು ಗಂಡಸೇ ಅಲ್ಲ ಅನ್ನೋದು ಅವನ ಸಿದ್ಧಾಂತ. ಹೆಣ್ಣು ನೋಡೋಕೆ ಹೋದಾಗಲೂ ಮೊದಲನೇ ಮನೆಯಲ್ಲಿ ಒಪ್ಪಲಿಲ್ಲ, ಹತ್ತು ಊರು ಸುತ್ತಿ ವಾಪಸ್ಸು ಬಂದು ಅದೇ ಹೆಣ್ಣನ್ನ ಮಾಡಿಕೊಂಡ.

ಜಗುಲಿ ಮೇಲೆ ಲ್ಯಾಪ್‌ಟಾಪು ಇಟ್ಟೆವು. ಕೆಂಪು ಬೊಟ್ಟು ಒತ್ತಿದ, ಮೆನು ಬಂತು. ಹಳದಿ ಪಟ್ಟೆ ‘ಹೊಸ ಆಟ’ದ ಮೇಲೆ ನಿಂತಿತ್ತು. ಕನ್ನಡಕ ಒಳಗೆ ಬಿಟ್ಟು ಬಂದಿದ್ದ. ಅವನಿಗೆ ಕಾಣ್ತಿದ್ದದ್ದು ಹಳದಿ ಪಟ್ಟೆ ಮಾತ್ರ.

“ಒತ್ಲಾ, ಹಸ್ರು ಬೊಟ್ಟು” ಅಂದೆ.

“ಸುಮ್ಕಿರ್ಲಾ. ಮೊದಲ್ನೇದಕ್ಕೇ ಒಪ್ಕಂಡ್ರೆ ಮರ್ವಾದೆ ಉಳೀತದಾ? ಕೆಳಗೇನೈತೋ ನೋಡಣ” ಅಂತ ಬಾಣದ ಗುಂಡಿ ಒತ್ತಿದ. ಪಟ್ಟೆ ಇಳೀತು. ಮತ್ತೆ ಒತ್ತಿದ. ಇಳೀತು. ಒತ್ತುತ್ತಲೇ ಹೋದ. ಟೀ ಬಂತು, ಕುಡಿದೆವು, ಅವನ ಬೆರಳು ಮಾತ್ರ ನಿಲ್ಲಲಿಲ್ಲ. ಆಮೇಲೆ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದ.

“ಲೇ, ಇದು ಮುಗೀತಾನೇ ಇಲ್ವಲ್ಲೋ! ನಿನ್ ಸೊಸೆ ಸಾವ್ರ ಥರ ಆಟ ತುಂಬವ್ಳೆ ಕಣ್ಲಾ ಇದ್ರೊಳ್ಗೆ!”

ನನಗೆ ಎದೆ ಉಬ್ಬಿತು. ನೇರ ಎದುರಿನ ಟೀ ಅಂಗಡಿಗೆ ಹೋಗಿ, “ನನ್ ಸೊಸೆ ಕಂಪ್ಯೂಟರ್ರೊಳಗೆ ಸಾವ್ರದೊಂದು ಆಟ ಮಾಡವ್ಳೆ, ನೋಡೋರು ಬನ್ನಿ” ಅಂದೆ. ಜನ ಸೇರಿದರು. ಸೊಸೆ ಸೆರಗನ್ನ ಬಾಯಿಗೆ ತುರುಕಿಕೊಂಡು ನನಗೆ ಕಣ್ಣಲ್ಲೇ ಏನೋ ಹೇಳ್ತಿದ್ದಳು. ಹೆಮ್ಮೆಯ ಕಣ್ಣೀರು ಅಂದುಕೊಂಡೆ. ಕೊನೆಗೆ ಟೀ ಅಂಗಡಿಯವನೇ ಬಗ್ಗಿ ನೋಡಿ, “ಯಜಮಾನ್ರೇ, ಇರೋದು ನಾಕೇ ಸಾಲು. ಕೆಳಗಿಂದ ಮತ್ತೆ ಮೇಲಕ್ಕೆ ಓಯ್ತದೆ. ಬಂದಿದ್ದೇ ಬತ್ತಾವೆ” ಅಂದ.

ಎಲ್ಲರೂ ನಕ್ಕರು. ನನ್ನ ಗೆಳೆಯ ಎದ್ದು ನಿಂತ. “ನಗಬ್ಯಾಡ್ರಿ. ಮದ್ವೆ ಮನೇಲಿ ನೀವೇ ನಾಕು ಜನ ಪಂಕ್ತಿ ಮೇಲೆ ಪಂಕ್ತಿ ಕೂತು ಉಂಡ್ರೂ ‘ಸಾವ್ರ ಎಲೆ ಬಿತ್ತು’ ಅಂತ ಯೋಳ್ಕಳಲ್ವಾ? ಇದೂ ಅಂಗೇ.”

ಸೊಸೆ ಅವತ್ತೇ ಸರಿ ಮಾಡಿದಳು. ಈಗ ಹಳದಿ ಪಟ್ಟೆ ಕೊನೇ ಸಾಲಿಗೆ ಬಂದರೆ ‘ಟಕ್’ ಅಂತ ಸದ್ದು ಮಾಡಿ ನಿಲ್ತದೆ. ಟೀ ಅಂಗಡಿಯಲ್ಲಿ ಮಾತ್ರ ನಾನು ಇವತ್ತಿಗೂ ಸಾವಿರದೊಂದು ಅಂತಲೇ ಹೇಳೋದು.

ಕಟ್ಟೆ ಹತ್ತಿದ ತಂಗಿ

ಎರಡನೇ ಸಲ ಹೋದದ್ದು ಕೆ.ಆರ್. ನಗರಕ್ಕೆ, ನನ್ನ ತಂಗಿ ಮನೆಗೆ. ಚೌಕಾಬಾರದಲ್ಲಿ ಅವಳನ್ನ ಸೋಲಿಸಿದವರು ಯಾರೂ ಇಲ್ಲ, ನನ್ನನ್ನು ಬಿಟ್ಟು. ಅವಳ ಕೈಯಲ್ಲಿ ಕವಡೆ ಬೇಡಿದ ಹಾಗೆ ಬೀಳ್ತದೆ. ಒಮ್ಮೆ ಹಠಕ್ಕೆ ಬಿದ್ದು ಬಾರದ ಮೇಲೆ ಬಾರ, ಅಂದರೆ ಎಂಟರ ಮೇಲೆ ಎಂಟು, ಹಾಕಿ ಹಾಕಿ, ಕೊನೆಗೆ ಕವಡೆಗಳೇ ಸುಸ್ತಾಗಿ ಮಗುಚಿ ಮಲಗಿದವು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಚೌಕಾಬಾರದ ಚೌಕದಲ್ಲಿ ಕೆಲವು ಮನೆಗಳಿಗೆ ಇಂಟು ಗುರುತು ಎಳೆದಿರ್ತೀವಿ. ಅದಕ್ಕೆ ಕಟ್ಟೆ ಅಂತ ಹೆಸರು. ಬೇರೆ ಮನೆಯಲ್ಲಿ ಸಿಕ್ಕಿದ ಕಾಯಿಯನ್ನ ಎದುರಾಳಿ ಕಡಿದು ಹಾಕಬಹುದು, ಕಟ್ಟೆ ಮೇಲೆ ಕೂತ ಕಾಯಿಯನ್ನ ದೇವರೂ ಮುಟ್ಟೋ ಹಾಗಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಈ ಇಂಟು ಗುರುತು ಗೊತ್ತಿರ್ತದೆ.

ತಂಗಿ ಕೂತಳು. ಕಂಪ್ಯೂಟರೇ ಎದುರಾಳಿ. ಮೌಸು ಹಿಡಿದು ಕಾಯಿ ಎಳೆಯೋದು ಬೇಗ ಕಲಿತಳು. ಮೂರು ಕಾಯಿ ನಡುಮನೆ ಸೇರಿ ಹಣ್ಣಾದವು. ಉಳಿದದ್ದು ಒಂದೇ. ಅದರ ಬೆನ್ನಿಗೆ ಕಂಪ್ಯೂಟರಿನ ಕಾಯಿ ಬಂದು ನಿಂತಿತ್ತು. ಈ ಹೊತ್ತಲ್ಲಿ ಕವಡೆ ಸದ್ದು ಜಾಸ್ತಿ ಆಯ್ತು ಅಂತ ಕೆಂಪು ಬೊಟ್ಟು ಒತ್ತಿ ಮೆನು ತೆಗೆದಳು, ಶಬ್ದ ಕಮ್ಮಿ ಮಾಡಿದಳು, ಮುಚ್ಚಿದಳು. ಎಲ್ಲ ಸರಿಯಾಗಿ ನಡೀತು. ನಾನು ಸೊಸೆ ಕಡೆ ನೋಡಿ ಮೀಸೆ ತಿರುವಿದೆ.

ಆಗ ತಂಗಿ ಕಣ್ಣಿಗೆ ಪರದೆಯ ಮೂಲೆ ಬಿತ್ತು. ಅಲ್ಲೊಂದು ಸಣ್ಣ ಇಂಟು ಗುರುತು. ಆಟವನ್ನೇ ಮುಚ್ಚಿಬಿಡೋ ಗುರುತು ಅದು. ಅವಳಿಗೇನು ಗೊತ್ತು?

“ಅಣ್ಣಯ್ಯ, ಇಲ್ಲೊಂದು ಕಟ್ಟೆ ಐತೆ ನೋಡು! ಮೂಲೇಲಿ ಬಚ್ಚಿಟ್ಟವ್ಳೆ ನಿನ್ ಸೊಸೆ, ಕಳ್ಳಿ!” ಅಂತ ತನ್ನ ಕೊನೇ ಕಾಯಿಯನ್ನ ಚೌಕದಿಂದ ಆಚೆಗೆ ದರದರ ಎಳೆದುಕೊಂಡು ಹೋಗಿ ಆ ಇಂಟಿನ ಮೇಲೆ ಕೂರಿಸಿದಳು.

ಪರದೆ ಕಪ್ಪಾಯಿತು. ಆಟ ಇಲ್ಲ, ಕಾಯಿ ಇಲ್ಲ, ಹಣ್ಣಾಗಿದ್ದ ಮೂರೂ ಇಲ್ಲ.

ತಂಗಿ ಎದೆ ಹೊಡೆದುಕೊಂಡಳು. “ಕಟ್ಟೆ ಅತ್ತಿದೋಳ್ನ ಮನೆಯಿಂದ್ಲೇ ಆಚಿಗಾಕ್ತಲ್ಲೋ ಅಣ್ಣಯ್ಯ! ಇದ್ಯಾವ ನ್ಯಾಯವೋ? ಏನಮ್ಮೀ, ಮಾತಾಡೇ! ಮೂಗಿ ಆಗೋದ್ಯಾ?”

ಸೊಸೆ ಬಾಯಿಯ ಸೆರಗು ಅರ್ಧ ನೆಂದುಹೋಗಿತ್ತು. ಕರಾರು ಮುರಿಯಲಿಲ್ಲ, ಪುಣ್ಯಾತ್ಗಿತ್ತಿ.

ಆ ಸಲ ನಮಗೆ ಊಟ ಸಿಕ್ಕಿತು, ಒಗ್ಗರಣೆ ಸಿಕ್ಕಲಿಲ್ಲ. ಸೊಸೆ ಮನೆಗೆ ಬಂದ ಮೇಲೆ ಇಂಟು ತೆಗೆದು ಅಲ್ಲಿ ಒಂದು ಬಾಗಿಲ ಚಿತ್ರ ಹಾಕಿದಳು. ಆದರೆ ತಂಗಿ ಬೀದಿಯಲ್ಲಿ ಹೇಳಿಕೊಂಡು ತಿರುಗಿದ್ದೇ ಬೇರೆ: “ನಾನು ಕಟ್ಟೆ ಅತ್ತಿದ್ದೇ ತಡ, ಆ ಕಂಪ್ಯೂಟರ್ರು ಸೋತೆ ಅಂತ ನಾಚ್ಕಂಡು ಮಕ ಮುಚ್ಕಂಬುಡ್ತು.” ಈ ಸುಳ್ಳು ಹೇಳೋ ಬುದ್ಧಿ ಅವಳಿಗೆ ಎಲ್ಲಿಂದ ಬಂತೋ, ನಮ್ಮ ವಂಶದಲ್ಲೇ ಇಲ್ಲ.

ಜಗ್ಗಿ ನೋಡಿದ ಗೇಟಿನವನು

ಮೂರನೆಯವನು ಎಚ್.ಡಿ. ಕೋಟೆ ಕಡೆ, ಎನ್. ಬೇಗೂರಿನವನು. ಕೇರಳದ ಗಡಿ ದೂರವಿಲ್ಲ, ಕಾಡಂತೂ ಹಿತ್ತಲಲ್ಲೇ. ಈ ಗೆಳೆಯ ಹೊಟ್ಟೆಪಾಡಿಗೆ ಬದುಕೆಲ್ಲ ಚೆಕ್‌ಪೋಸ್ಟಿನ ಗೇಟು ಕಾದವನು. ಲಾರಿ ಬಂದರೆ ತೆಗೆಯೋದು, ಹೋದ ಮೇಲೆ ಹಾಕೋದು. ಬಾಯಿ ತೆಗೆದರೆ ಲಾರಿಯವರಿಗೆ ಮಲಯಾಳ, ನಮ್ಮಂಥವರಿಗೆ ಕನ್ನಡ.

ಆ ದಾರಿಯಲ್ಲೇ ನನಗೆ ಹಿಂದೊಮ್ಮೆ ಒಂಟಿ ಆನೆ ಎದುರಾದದ್ದು. ಬೇರೆಯವರಾಗಿದ್ದರೆ ಓಡೋರು. ನಾನು ಕೈ ಮುಗಿದು, “ಬತ್ತೀನಿ ಕಣಪ್ಪ” ಅಂದೆ. ಆನೆ ಸೊಂಡಿಲು ಎತ್ತಿ ದಾರಿ ಬಿಡ್ತು. ಹೇಳಿ ಹೊರಟ ಮೇಲೆ ಹಿಂದಕ್ಕೆ ತಿರುಗಿ ನೋಡಬಾರದು ಅಂತ ನಮ್ಮಪ್ಪ ಕಲಿಸಿದ್ದ. ಅದಕ್ಕೇ ಆ ಆನೆ ನನ್ನ ಹಿಂದೆ ಬಂತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಈ ಕತೆಗೆ ಸೊಸೆ ಕತ್ತರಿ ಹಾಕೋಕೆ ಬಂದಳು, ನಾನು ಬಿಡಲಿಲ್ಲ.

ಗೇಟಿನವನು ಬಲು ಜಾಣ. ಮೆನು ತೆಗೆದ, ಕಾಯಿಗೆ ಹಸಿರು ಬಣ್ಣ ಆರಿಸಿದ, ಕೆಂಪು ಬೊಟ್ಟು ಒತ್ತಿ ಮೆನು ಮುಚ್ಚಿದ. ನಾನು ಶಹಬ್ಬಾಸ್ ಅನ್ನೋಷ್ಟರಲ್ಲಿ ಅವನ ಬೆರಳು ಇನ್ನೊಮ್ಮೆ ಕೆಂಪು ಬೊಟ್ಟು ಒತ್ತಿತು. ಮೆನು ತೆರಕೊಂಡಿತು.

“ಅಯ್ಯೋ, ಸರಿಯಾಗಿ ಬಿದ್ದಿಲ್ಲ” ಅಂತ ಮತ್ತೆ ಒತ್ತಿ ಮುಚ್ಚಿದ. ಮುಚ್ಚಿ ಇನ್ನೊಂದು ಸಲ ಒತ್ತಿದ. ತೆರಕೊಂಡಿತು.

“ಯಾಕ್ಲಾ ಎರಡೆರಡು ಸಲ ಒತ್ತೀಯೆ?” ಅಂದೆ.

“ನೀನು ಬೀಗ ಹಾಕ್ದೆ ಅಂತಿಟ್ಕೋ. ಹಾಕಿ ಅಂಗೇ ಬಂದುಬುಡ್ತೀಯಾ? ಒಂದ್ಸಲ ಜಗ್ಗಿ ನೋಡಲ್ವಾ?”

ಅದೂ ನಿಜವೇ. ಹುಟ್ಟಿದ ಮನುಷ್ಯ ಬೀಗ ಜಗ್ಗದೆ ಮನೆ ಬಿಟ್ಟದ್ದುಂಟಾ? ಅವನು ಮುಚ್ಚಿ ಜಗ್ಗುತ್ತಾನೆ, ಜಗ್ಗಿದರೆ ತೆರಕೊಳ್ಳುತ್ತದೆ, ತೆರಕೊಂಡರೆ ಮುಚ್ಚುತ್ತಾನೆ. ಕೈ ಬಿಟ್ಟು ಏಳಯ್ಯ ಅಂದರೆ ಏಳಲೊಲ್ಲ. “ತೆಗೆದ ಗೇಟು ಬುಟ್ಟು ಎದ್ದೋನಲ್ಲ ಕಣೋ ನಾನು. ರಾತ್ರಿ ನಿದ್ದೆ ಬರಾಕಿಲ್ಲ” ಅಂತ ಕಣ್ಣಲ್ಲಿ ನೀರು ತಂದುಕೊಂಡ. ಸೊಸೆ ಬಾಯಿ ಬಿಡದೆ ಲ್ಯಾಪ್‌ಟಾಪಿನ ಮುಚ್ಚಳವನ್ನೇ ಮೆಲ್ಲಗೆ ಮಡಿಸಿಬಿಟ್ಟಳು. ಅವನು ಆ ಮುಚ್ಚಳವನ್ನೂ ಒಮ್ಮೆ ಜಗ್ಗಿ ನೋಡಿದ. ಗಟ್ಟಿ ಇತ್ತು. ಆಮೇಲೆ ಎದ್ದ.

ಮುಚ್ಚಿದ ಮೇಲೆ ತಕ್ಷಣ ಇನ್ನೊಮ್ಮೆ ಒತ್ತಿದರೆ ಮೆನು ತೆರೆಯದ ಹಾಗೆ, ಬರೀ ‘ಮುಚ್ಚಿದೆ’ ಅಂತ ಹೇಳೋ ಹಾಗೆ ಸೊಸೆ ಬದಲಾಯಿಸಿದಳು. ಸುದ್ದಿ ತಿಳಿಸೋಕೆ ಅವನಿಗೆ ಫೋನು ಮಾಡಿದೆ. “ಸಂತೋಸ” ಅಂತ ಫೋನಿಟ್ಟ. ತಕ್ಷಣ ಇನ್ನೊಂದು ಸಲ ಅವನೇ ಮಾಡಿದ. ಫೋನು ಸರಿಯಾಗಿ ಕಟ್ಟಾಗಿದೆಯಾ ಅಂತ ನೋಡೋಕಂತೆ.

ಬೀಗತಿ ಎದ್ದು ಹೋಗಲಾರದೆ ಕೂತದ್ದು

ಇನ್ನು ಕಟ್ಟೆಮಳಲವಾಡಿ. ಅದು ಸೊಸೆಯ ತೌರುಮನೆ, ಅವಳ ತಾಯಿ ನನಗೆ ಬೀಗತಿ. ಅಷ್ಟು ಮರ್ಯಾದೆಯ ಹೆಂಗಸನ್ನ ನಾನು ಕಂಡಿಲ್ಲ. ಬೆಕ್ಕಿಗೂ ‘ಬನ್ನಿ’ ಅನ್ನೋ ಪೈಕಿ.

ಆಕೆ ಮೆನು ತೆಗೆದರು, ಆರಿಸಿದರು, ಮುಚ್ಚಿದರು. ಒಂದು ಆಟ ಆಡಿ ಸೋತೂ ಸೋತರು. ಮತ್ತೆ ಮೆನು ತೆಗೆದು ‘ಆಟ ಬಿಡು’ ಮೇಲೆ ಪಟ್ಟೆ ನಿಲ್ಲಿಸಿ ಹಸಿರು ಬೊಟ್ಟು ಒತ್ತಿದರು. ಗೆದ್ದೆವು ಅಂದುಕೊಂಡೆ. ಆಗ ಪರದೆ ಮೇಲೆ ಒಂದು ಪ್ರಶ್ನೆ ಬಂತು. ಕೈತಪ್ಪಿ ಆಟ ಹಾಳಾಗದಿರಲಿ ಅಂತ ಸೊಸೆ ಹಾಕಿದ್ದು: ‘ನಿಜವಾಗಲೂ ಹೋಗಬೇಕಾ? ಹೌದು. ಇಲ್ಲ.’

ಬೀಗತಿ ನಿಧಾನವಾಗಿ ಕೂಡಿಸಿ ಓದಿದರು. ಓದಿ, ಸೆರಗು ಸರಿ ಮಾಡಿಕೊಂಡು, ‘ಇಲ್ಲ’ ಒತ್ತಿದರು. ಆಟ ಮತ್ತೆ ಶುರುವಾಯಿತು.

ಇನ್ನೊಂದು ಆಟ ಮುಗೀತು. ಮತ್ತೆ ‘ಆಟ ಬಿಡು’. ಮತ್ತೆ ಅದೇ ಪ್ರಶ್ನೆ. ಮತ್ತೆ ‘ಇಲ್ಲ’. ಮಧ್ಯಾಹ್ನದ ಸಾರು ಒಲೆ ಮೇಲೆ ಕುದ್ದು ಕುದ್ದು ಗೊಜ್ಜಾಯಿತು. ಸೊಸೆ ನನ್ನ ಮುಖ ನೋಡಿದಳು, ನಾನು ಸೂರು ನೋಡಿದೆ. ಕೊನೆಗೆ ತಡೆಯಲಾರದೆ ಕೇಳಿದೆ.

“ಬೀಗ್ತಿಯವರೇ, ಏಳಾಕೆ ಮನಸಿಲ್ವಾ?”

“ಮನಸೈತೆ ಬೀಗ್ರೇ, ಸೊಂಟ ಇಡ್ಕಂಡೈತೆ” ಅಂದರು ಪಾಪ.

“ಮತ್ತೆ ಹೌದು ಅಂತ ಒತ್ತಿ!”

ಆಕೆ ದನಿ ತಗ್ಗಿಸಿದರು, ಕಂಪ್ಯೂಟರಿಗೆ ಕೇಳಿಸಬಾರದು ಅನ್ನೋ ಹಾಗೆ. “ಅಷ್ಟು ಬಾಯ್ತುಂಬ ‘ಹೋಗ್ಲೇಬೇಕಾ’ ಅಂತ ಕೇಳ್ತಾ ಐತಲ್ಲ ಬೀಗ್ರೇ. ಮಕಕ್ಕೆ ಹೊಡ್ದಂಗೆ ಹೌದು ಅನ್ನಾಕಾಯ್ತದಾ? ಅದೇನ್ ಅನ್ಕಂಡಾತು?”

ನಮ್ಮಲ್ಲಿ ಹಾಗೇ. ನೆಂಟರು ಎದ್ದರೆ ‘ಹೋಗ್ಲೇಬೇಕಾ, ಇರಿ’ ಅನ್ನಬೇಕು. ಎದ್ದವರು ಒಮ್ಮೆ ಕೂರಬೇಕು. ಮತ್ತೆ ಎದ್ದು ‘ಹೋಗಿ ಬತ್ತೀನಿ’ ಅನ್ನಬೇಕು. ಬರೀ ‘ಹೋಗ್ತೀನಿ’ ಅಂದರೆ ಅಪಶಕುನ, ‘ಹೌದು’ ಅಂದರೆ ಜಗಳ. ಇದು ನನ್ನ ಸೊಸೆಗೂ ಗೊತ್ತು. ಆದರೆ ಪಾಠದಲ್ಲಿ ಹೌದು, ಇಲ್ಲ ಅಂತ ಹೇಳಿಕೊಟ್ಟಿದ್ದರು, ಅವಳು ಹಾಗೇ ಹಾಕಿದ್ದಳು.

ಅವತ್ತು ಮೊದಲ ಸಲ ಕರಾರು ಮುರೀತು. ಸೊಸೆ ಸೆರಗು ಉಗಿದು ಅವ್ವನನ್ನ ತಬ್ಬಿಕೊಂಡು ನಕ್ಕಳು. ಅಲ್ಲೇ ಕೂತು ಪ್ರಶ್ನೆ ಬದಲಾಯಿಸಿದಳು. ಈಗ ಪರದೆ ಕೇಳೋದು: ‘ಹೊರಟ್ರಾ? ಇನ್ನೊಂದಾಟ ಆಡಿ ಹೋಗಿ.’ ಕೆಳಗೆ ಎರಡು ಉತ್ತರ: ‘ಇರ್ತೀನಿ’ ಮತ್ತು ‘ಹೋಗಿ ಬತ್ತೀನಿ’. ಬೀಗತಿ ‘ಹೋಗಿ ಬತ್ತೀನಿ’ ಒತ್ತಿದರು. ಒತ್ತಿ, ಸೊಂಟ ಹಿಡಿದುಕೊಂಡೇ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು ಲ್ಯಾಪ್‌ಟಾಪಿನ ಮೂಲೆಗೆ ಒಂದು ಬೊಟ್ಟಿಟ್ಟು ಕಳಿಸಿಕೊಟ್ಟರು.

ಹುಣಸೂರಿನಲ್ಲಿ ನಾನು ಎದ್ದು ಹೋದದ್ದು

ಪರೀಕ್ಷೆಯ ದಿನ ನಾನೂ ಹೋದೆ, ನಮ್ಮ ಮನೆಯೋಳೂ ಬಂದಳು. “ಏನ್ ಮಣ್ಣು ಐತೋ ಅದ್ರಲ್ಲಿ, ನೋಡೇಬುಡ್ತೀನಿ” ಅಂತ. ಒಳಗೆ ಬಂದವಳೇ ಬಾಗಿಲ ಪಕ್ಕದ ಬೆಂಚಿನಲ್ಲಿ ಮುಖ ಗಂಟು ಹಾಕಿ ಕೂತಳು.

ಮೇಡಂ ಗಟ್ಟಿ ಹೆಂಗಸು. ನಾನು ನಾಲ್ಕು ತಾಲ್ಲೂಕಿನ ವರದಿ ಒಪ್ಪಿಸಿದೆ. ಯಾರು ಯಾರು ಒತ್ತಿದರು, ನಾನು ಹೇಗೆ ಒತ್ತಿಸಿದೆ, ಆನೆ ಹೇಗೆ ದಾರಿ ಬಿಡ್ತು. ಮೇಡಂ ಎಲ್ಲ ಕೇಳಿ, “ಅಂದ್ರೆ ತಾತ, ನೀವು ಸ್ವತಃ ಒಂದು ಸಲಾನೂ ಮುಟ್ಟಿಲ್ಲ?” ಅಂದರು.

“ದಂಡನಾಯಕ ಎಲ್ಲಾದ್ರೂ ಕತ್ತಿ ಹಿಡೀತಾನಾ ಮೇಡಮ್ಮೋರೇ?” ಅಂದೆ.

“ಹಂಗಾದ್ರೆ ನೀವೇ ಬನ್ನಿ, ಕೂತ್ಕೊಳ್ಳಿ” ಅಂದರು.

ಸೊಸೆ ಮುಖ ಬಿಳಿಚಿಕೊಂಡಿತು. ಅವಳು ಸೆರಗಿಗೆ ಕೈ ಹಾಕಿದ್ದು ಕಂಡಿತು. ಆನೆ ಎದುರು ನೆಟ್ಟಗೆ ನಿಂತವನು ಅವತ್ತು ಆ ಕುರ್ಚಿಯನ್ನ ಒಂದು ಸುತ್ತು ಹಾಕಿ ಆಮೇಲೆ ಕೂತೆ ನೋಡಿ. ನಾನು ಎಡವಿದರೆ ಬೀಳೋದು ನಾನಲ್ಲ, ಅವಳು. ರೊಟ್ಟಿ ತಟ್ಟಿ, ಹುಲ್ಲು ಹಾಕಿ, ಬಸ್ಸು ಹಿಡಿದದ್ದೆಲ್ಲ ನನ್ನ ಈ ಮೊಂಡು ಬೆರಳಿನ ತುದಿಯಲ್ಲಿ ಬಂದು ಕೂತಿತ್ತು.

ಕೆಂಪು ಬೊಟ್ಟು ಒತ್ತಿದೆ. ಮೆನು ಬಂತು. ಗಡಿಬಿಡಿಯಲ್ಲಿ ಬಾಣದ ಗುಂಡಿಯನ್ನ ಎಷ್ಟು ಸಲ ಒತ್ತಿದೆನೋ, ಹಳದಿ ಪಟ್ಟೆ ಜಾರಿ ಕೊನೆಗೆ ಹೋಗಿ ‘ಟಕ್’ ಅಂತ ನಿಂತಿತು. ಕಂಪಲಾಪುರದ ಗೆಳೆಯನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಮೇಲೆ ಬಂದು ಬಣ್ಣ ಆರಿಸಿದೆ. ಮುಚ್ಚಿದೆ. ಮುಚ್ಚಿತೋ ಇಲ್ಲವೋ ಅಂತ ನನ್ನ ಬೆರಳೂ ಇನ್ನೊಮ್ಮೆ ಜಗ್ಗಿ ನೋಡಿತು! ‘ಮುಚ್ಚಿದೆ’ ಅಂತು. ಕಾಯಿ ನಡೆಸಿದೆ, ಗೆದ್ದೆನೋ ಸೋತೆನೋ ಅದು ಇಲ್ಲಿ ಮುಖ್ಯವಲ್ಲ. ಮತ್ತೆ ಮೆನು ತೆಗೆದು ‘ಆಟ ಬಿಡು’ ಒತ್ತಿದೆ.

‘ಹೊರಟ್ರಾ? ಇನ್ನೊಂದಾಟ ಆಡಿ ಹೋಗಿ.’

‘ಹೋಗಿ ಬತ್ತೀನಿ’ ಒತ್ತಿದೆ. ಪರದೆ ಮೇಲೆ ಒಂದು ಬಾಗಿಲು ತೆರಕೊಂಡು, ‘ಹೋಗಿ ಬನ್ನಿ’ ಅಂತ ಬಂತು.

ಎದ್ದು ನಿಂತು ಕಂಪ್ಯೂಟರಿಗೆ ಕೈ ಮುಗಿದು, “ಬತ್ತೀನಿ ಕಣವ್ವ” ಅಂದೆ. ಹೊರಟೆ. ಹೇಳಿ ಹೊರಟ ಮೇಲೆ ಹಿಂದೆ ತಿರುಗೋ ಪದ್ಧತಿ ನಮ್ಮಲ್ಲಿಲ್ಲ. ಮೆಟ್ಟಿಲು ಇಳಿದೆ, ರಸ್ತೆ ದಾಟಿದೆ, ನಮ್ಮೂರ ಬಸ್ಸು ನಿಂತಿತ್ತು, ಬೋರ್ಡು ಓದಿದೆ, ಹತ್ತಿದೆ. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದ.

“ಒಂದು ಗಂಡಸು, ಒಂದು ಹೆಂಗಸು” ಅಂದೆ, ಬಾಯಿಗೆ ಹತ್ತಿದ ಮಾತು.

“ಹೆಂಗಸರಿಗೆ ಫ್ರೀ ತಾತ, ಆಧಾರ್ ಕಾರ್ಡು ತೋರಿಸಿ. ಎಲ್ಲಿ ಅವ್ರು?”

ಪಕ್ಕ ನೋಡಿದೆ. ಪಕ್ಕದಲ್ಲಿ ಯಾರದೋ ಕೋಸಿನ ಮೂಟೆ.

ಅಷ್ಟರಲ್ಲಿ ಫೋನು ಬಡ್ಕೊಂಡಿತು. ಸೊಸೆ. “ಮಾವ, ಎಲ್ಲಿದೀರಾ?”

“ಬಸ್ಸಲ್ಲಿ ಕಣವ್ವ.”

“ಬಸ್ಸಲ್ಲಾ? ಮೇಡಂ ‘ಎದ್ದು ಹೋಗ್ಬೇಕು’ ಅಂದಿದ್ದು ಕುರ್ಚಿಯಿಂದ ಮಾವ, ಊರಿಂದ ಅಲ್ಲ! ನಂಗೆ ಕೆಲ್ಸ ಆಯ್ತು. ಮೇಡಂ ನಕ್ಕು ನಕ್ಕು ನೀರು ಕುಡೀತಾವ್ರೆ. ಆದ್ರೆ ಅತ್ತೆನ ಇಲ್ಲೇ ಬುಟ್ಟೋಗಿದೀರಲ್ಲ!”

“ನೀನೇ ಮುಂದಿನ ಬಸ್ಸಿಗೆ ಹತ್ತಿಸ್ಬುಡವ್ವ.”

“ಅವ್ರು ಬರಲ್ವಂತೆ. ನೀವೇ ಬರ್ಬೇಕಂತೆ.”

ಮುಂದಿನ ನಿಲ್ದಾಣದಲ್ಲಿ ಇಳಿದೆ. ಬಂದದ್ದೊಂದು ಆಟೋ, ಅದರ ತುಂಬ ಮೇಕೆಮರಿ. ಅವುಗಳ ಜೊತೆ ಹೊಂದಿಕೊಂಡು ಕೂತು ವಾಪಸ್ಸು ಬಂದೆ. ‘ಹೋಗಿ ಬತ್ತೀನಿ’ ಅಂದಿದ್ದೆನಲ್ಲ, ಮಾತು ಉಳಿಸಿಕೊಂಡ ಹಾಗೂ ಆಯಿತು ಅಂತ ಸಮಾಧಾನ ಮಾಡಿಕೊಂಡೆ.

ಒಳಗೆ ಹೋಗಿ ನೋಡ್ತೀನಿ, ಬೆಂಚು ಖಾಲಿ. ನಮ್ಮ ಮನೆಯೋಳು ನಾನು ಬಿಟ್ಟು ಬಂದ ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾಳೆ. ಕಣ್ಣು ಹೋಗ್ತದೆ, ಮನೆ ಮರೀತಾರೆ ಅಂದಿದ್ದವಳು ಕವಡೆ ಸದ್ದನ್ನ ಪೂರ್ತಿ ಜೋರು ಮಾಡಿಕೊಂಡು ಆಡ್ತಿದ್ದಾಳೆ. ಸೊಸೆ ಬದಿಯಲ್ಲಿ ನಿಂತು ಅತ್ತೆಗೆ ಟೀ ಲೋಟ ಹಿಡಿದಿದ್ದಾಳೆ.

ಆಟ ಮುಗೀತು. ಪರದೆ ಕೇಳಿತು: ‘ಹೊರಟ್ರಾ? ಇನ್ನೊಂದಾಟ ಆಡಿ ಹೋಗಿ.’ ನಮ್ಮ ಮನೆಯೋಳು ‘ಇರ್ತೀನಿ’ ಒತ್ತಿದಳು.

“ನಡಿಯೇ, ಬಸ್ ಓಯ್ತದೆ” ಅಂದೆ.

ಅವಳು ತಲೆ ಎತ್ತಲಿಲ್ಲ. “ನೋಡ್ರಿ, ಇದು ಮಿಸಿನ್ನು. ಇದಕ್ಕೂ ‘ಇರಿ’ ಅನ್ನಾಕೆ ಬತ್ತದೆ. ನೀವು ತಾಳಿ ಕಟ್ಟಿದೋರು, ‘ಬತ್ತೀಯಾ’ ಅಂತ ಒಂದು ಮಾತು ಕೇಳ್ದೆ ಎದ್ದೋದ್ರಿ. ಬಸ್ ಹೋದ್ರೆ ಹೋಗ್ಲಿ. ಕುರ್ಚಿ ಎಳ್ಕಂಡು ಕೂತ್ಕಳಿ, ಕವಡೆ ನನ್ ಕಡೆ ಐತೆ.”

ಕೂತೆ. ಈಗ ಎದುರಾಳಿ ನಾನು. ಅವಳಿಗೆ ಬಾರದ ಮೇಲೆ ಬಾರ ಬಿತ್ತು. ಮೂಲೆಯಲ್ಲಿ ಎಲ್ಲಾದರೂ ಒಂದು ಇಂಟು ಇದ್ದೀತಾ, ಓಡಿ ಹೋಗಿ ಹತ್ತಿಕೊಳ್ಳೋಣ ಅಂತ ಪರದೆ ಪೂರ್ತಿ ಹುಡುಕಿದೆ. ಸೊಸೆ ಅದನ್ನೂ ತೆಗೆದು ಹಾಕಿದ್ದಳು.